ನಡುಗಡ್ಡೆಯ ಮರೆಗೋಣಿ

ನಾನೊಂದು ಗೋಣಿ. ಕೇಳಿದ ಕೂಡಲೇ ನಿಮ್ಮ ಮೂಗು ಸ್ವಲ್ಪ ಮೇಲೆ ಹೋದದ್ದು ನನಗೆ ಕಂಡಿತು. ರೇಷ್ಮೆ ಸೀರೆ ತನ್ನ ಕಥೆ ಹೇಳುತ್ತೇನೆಂದರೆ ಕುರ್ಚಿ ಎಳೆದುಕೊಂಡು ಕೂರುತ್ತೀರಿ. ಗೋಣಿ ಬಾಯಿ ಬಿಟ್ಟರೆ ಒಳಗೆ ಎಷ್ಟು ತುಂಬಬಹುದು ಎಂದು ನೋಡುತ್ತೀರಿ. ಇರಲಿ, ಅಭ್ಯಾಸವಾಗಿದೆ. ಆದರೆ ನಾನು ಹೊತ್ತದ್ದನ್ನೂ ಹೊದಿಸಿದ್ದನ್ನೂ ಯಾವ ರೇಷ್ಮೆಯೂ ಕಂಡಿಲ್ಲ. ಕಾಣುವುದೂ ಬೇಡ.

ಹುಟ್ಟಿದ್ದು ಪೂರ್ವದ ಸೀಮೆಯ ಒಂದು ಜವುಳು ಗದ್ದೆಯಲ್ಲಿ, ಸೆಣಬಿನ ಗಿಡವಾಗಿ. ಆಳೆತ್ತರ ಬೆಳೆದ ಮೇಲೆ ಕೊಯ್ದು, ಕಟ್ಟು ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೊಳೆಯಲು ಬಿಟ್ಟರು. ಬೇರೆಯವರು ನೀರಿನಲ್ಲಿ ಕೊಳೆತರೆ ಕಥೆ ಮುಗಿಯುತ್ತದೆ, ನಮ್ಮದು ಅಲ್ಲಿಂದಲೇ ಶುರು. ಕೊಳೆತ ಸಿಪ್ಪೆಯಿಂದ ನಾರು ಸುಲಿದು, ಒಣಗಿಸಿ, ಗಿರಣಿಗೆ ಕಳಿಸಿ, ಎಣ್ಣೆ ಕುಡಿಸಿ, ನೂತು ನೇಯ್ದರು. ಎರಡು ಬದಿ ಹೊಲಿದು ಒಂದು ಬದಿ ತೆರೆದು ಬಿಟ್ಟರು. ಹೊಟ್ಟೆ ಮತ್ತು ಬಾಯಿ, ಇವೆರಡೇ ನನಗೆ ಕೊಟ್ಟ ಅಂಗಗಳು. ಕಣ್ಣು ಬಂದದ್ದು ಆಮೇಲೆ. ಅದನ್ನು ಕೊಟ್ಟವಳು ಸೂಗಮ್ಮ.

ಅವಳ ಕೈಗೆ ಬೀಳುವ ಮೊದಲು ನಾನು ಎಲ್ಲ ಗೋಣಿಗಳ ಹಾಗೆ ದುಡಿದೆ. ಭತ್ತ ಹೊತ್ತೆ, ಶೇಂಗಾ ಹೊತ್ತೆ, ಹಮಾಲರ ಕೊಕ್ಕೆಯಿಂದ ಮೈತುಂಬ ಚುಚ್ಚಿಸಿಕೊಂಡೆ. ಕೊನೆಗೆ ಒಂದು ಕಿರಾಣಿ ಅಂಗಡಿಯ ಮೆಟ್ಟಿಲಲ್ಲಿ ಬಿದ್ದುಕೊಂಡು ಬಂದವರ ಕಾಲು ಒರೆಸುತ್ತಿದ್ದೆ. ಇನ್ನು ನನ್ನ ಆಯುಷ್ಯ ಇಷ್ಟೇ ಎಂದುಕೊಂಡಿದ್ದಾಗ ಒಂದು ದಿನ ಹಳದಿ ಸೀರೆಯ ಹೆಂಗಸೊಬ್ಬಳು ನನ್ನನ್ನು ಎತ್ತಿ, ಝಾಡಿಸಿ, ಬೆಳಕಿಗೆ ಹಿಡಿದು, ನನ್ನ ನೇಯ್ಗೆಯ ಮೂಲಕ ಸೂರ್ಯನನ್ನು ನೋಡಿದಳು. ಅಂಗಡಿಯವನನ್ನು ಕೇಳಿ, ನನ್ನ ಜೊತೆ ಇನ್ನೂ ಕೆಲವು ಹರುಕರನ್ನು ಸೇರಿಸಿಕೊಂಡು ಮನೆಗೆ ಒಯ್ದಳು.

ಪೇಟೆಯ ಬಸ್ ನಿಲ್ದಾಣದ ಎದುರು ಅವರದೊಂದು ಕೋಣೆ, ನಡುವೆ ಒಂದು ಪರದೆ. ಈಚೆ ಸೂಗಮ್ಮನ ಹೊಲಿಗೆ ಯಂತ್ರ, ಆಚೆ ಅವಳ ಗಂಡ ಮೌನೇಶನ ಫೋಟೋ ಸ್ಟುಡಿಯೋ. ಮದುವೆ ಗೊತ್ತಾದ ಹುಡುಗಿಯರು ಈಚೆ ಕುಪ್ಪಸ ಹೊಲಿಸಿ, ಅದನ್ನೇ ತೊಟ್ಟು ಆಚೆ ಹೋಗಿ ಪಟ ತೆಗೆಸಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಕೃಷ್ಣೆಯ ದಂಡೆಯ ನೀರಲಗಡ್ಡಿ ಎಂಬ ಹಳ್ಳಿಯ ಅಂಬಿಗರ ಮನೆಯವರು. ಆದರೆ ಹರಗೋಲು ಎಂಬ ಬುಟ್ಟಿದೋಣಿ ನಡೆಸುವುದರಲ್ಲಿ ಸೂಗಮ್ಮನದೇ ಮೇಲುಗೈ. ಮೌನೇಶ ಹುಟ್ಟು ಹಾಕಿದರೆ ಹರಗೋಲು ಇದ್ದಲ್ಲೇ ಬುಗುರಿಯಾಡುತ್ತದೆ ಎಂದು ಅವಳು ಬಂದವರೆದುರೆಲ್ಲ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಹೊಳೆಯಲ್ಲಿ ಹೆಣ ತೇಲಿದರೆ ಪೊಲೀಸರು ಕರೆಯುತ್ತಿದ್ದದ್ದೂ ಮೌನೇಶನನ್ನೇ. ಪಂಚನಾಮೆಗೆ ಪಟ ಬೇಕಲ್ಲ. ಈಜಲು ಹೋದವರು, ಜಾರಿದವರು, ತಾವಾಗಿಯೇ ಹಾರಿದವರು, ಎಲ್ಲರ ಕೊನೆಯ ಪಟ ತೆಗೆದವನು ಅವನು. ಅಂಥ ದಿನ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಊಟ ಬಿಟ್ಟು ಮಲಗುತ್ತಿದ್ದ. ಮರುದಿನ ಅದೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋಗಿ ಹಕ್ಕಿಗಳ ಪಟ ತೆಗೆಯುತ್ತಿದ್ದ. ಹೆಣ ನೋಡಿದ ಕಣ್ಣನ್ನು ನೀರಿನಿಂದ ತೊಳೆದರೆ ಹೋಗುವುದಿಲ್ಲ, ಇನ್ನೊಂದು ನೋಟದಿಂದಲೇ ತೊಳೆಯಬೇಕು ಎಂಬುದು ಅವನ ಮಾತು.

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಪಟ. ಪುಸ್ತಕದವರು ರೀವ ಎನ್ನುವ, ಅವರ ಊರಿನವರು ಹೊಳಿಹಕ್ಕಿ ಎನ್ನುವ ಒಂದು ಬೂದು ಹಕ್ಕಿ ಉಂಟು. ಹಳದಿ ಕೊಕ್ಕು, ಕರಿ ಟೋಪಿ, ಸೀಳಿದ ಬಾಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ನಡುಗಡ್ಡೆಯ ಬರಿ ಉಸುಕಿನ ಮೇಲೆ ಮೊಟ್ಟೆ ಇಡುತ್ತದೆ. ಗೂಡಿಲ್ಲ, ನೆರಳಿಲ್ಲ. ಮಧ್ಯಾಹ್ನ ಉಸುಕು ಕಾದು ಮೊಟ್ಟೆ ಬೇಯುವ ಹೊತ್ತಿಗೆ ಅದು ಹೊಳೆಗೆ ಹಾರಿ, ಹೊಟ್ಟೆಯ ಗರಿಯನ್ನು ನೀರಿಗೆ ತಾಗಿಸಿಕೊಂಡು ಬಂದು, ಮೊಟ್ಟೆಯ ಮೇಲೆ ಹನಿಸಿ ತಂಪು ಮಾಡುತ್ತದೆ. ಆ ಹೊಟ್ಟೆಗೂ ಮೊಟ್ಟೆಗೂ ನಡುವೆ ಇರುವ ಹನಿಯ ಪಟ ಮೌನೇಶನಿಗೆ ಬೇಕಿತ್ತು. ಅದಕ್ಕಾಗಿ ಎಷ್ಟೋ ಬೇಸಿಗೆ ಕಳೆದಿದ್ದ. ಹತ್ತಿರ ಹೋದರೆ ಹಕ್ಕಿ ಏಳುತ್ತಿತ್ತು, ದೂರ ನಿಂತರೆ ಹನಿ ಕಾಣುತ್ತಿರಲಿಲ್ಲ.

ಆದ್ದರಿಂದ ನಾನು. ಸೂಗಮ್ಮ ನಮ್ಮನ್ನೆಲ್ಲ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಹೊಲಿದು, ಒಬ್ಬ ಮನುಷ್ಯ ಮಂಡಿ ಮಡಿಸಿ ಕೂರುವಷ್ಟು ಗುಡಾರ ಮಾಡಿದಳು. ನಾನು ಎದುರಿನ ಗೋಡೆ. ನನ್ನ ಎದೆಗೆ ಕತ್ತರಿ ಇಟ್ಟು ಒಂದು ಸೀಳು ಬಿಟ್ಟಳು, ಲೆನ್ಸಿನ ಮೂತಿ ಹೊರಗೆ ಬರಲು. ನನಗೆ ಕಣ್ಣು ಬಂದದ್ದು ಹೀಗೆ. ಬೆನ್ನಿನ ಕಡೆಗೆ ಮಾತ್ರ ಎರಡು ಪದರ ಗೋಣಿ, ಒಂದು ತೂತೂ ಇಲ್ಲ. ಹಿಂದಿನಿಂದ ಬೆಳಕು ಬಿದ್ದರೆ ಒಳಗೆ ಕೂತವನ ನೆರಳು ಮುಂದೆ ಕಾಣುತ್ತದೆಯಂತೆ. ಬೆನ್ನ ಹಿಂದೆ ಏನಾಗುತ್ತಿದೆ ಎಂದು ಒಳಗಿದ್ದವನಿಗೆ ಗೊತ್ತಾಗುವಂತಿರಲಿಲ್ಲ.

ಆಮೇಲೆ ಮೈಗೆ ಹೊಳೆಯ ಜೇಡಿ, ಸಗಣಿ, ಇದ್ದಿಲು ಕಲಸಿ ಬಳಿದರು. ಒಣಗಿದ ಮೇಲೆ ನಡುಗಡ್ಡೆಗೆ ಒಯ್ದು, ಕೋಲು ಕೊಟ್ಟು, ಬಂಡೆಗಳ ನಡುವೆ ನಿಲ್ಲಿಸಿದರು. ಸೂಗಮ್ಮ ನೀರಿನ ಅಂಚಿನವರೆಗೆ ಹಿಂದೆ ಹಿಂದೆ ನಡೆದು ನೋಡಿ, ಎಲ್ಲಿಟ್ಟೆವು ಎಂದು ತಾನೇ ಹುಡುಕಿದಳು. ಮೌನೇಶ ಒಳಗಿನಿಂದ ಕೆಮ್ಮಿದ ಮೇಲೆ ಗೊತ್ತಾಯಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಾಲು ಒರೆಸಿಕೊಳ್ಳುವ ಗೋಣಿಗೆ ಇಷ್ಟು ಮರ್ಯಾದೆ ಎಂದು ನಾನೂ ಉಬ್ಬಿದೆ. ಆಗ ಗೊತ್ತಿರಲಿಲ್ಲ.

ಮರೆ ಕಟ್ಟಿದರೆ ಸಾಲದು. ಮನುಷ್ಯ ಒಳಗೆ ಹೋದದ್ದನ್ನು ಹಕ್ಕಿ ನೋಡಿಬಿಟ್ಟರೆ ಅವನು ಹೊರಬರುವವರೆಗೆ ಮೊಟ್ಟೆಯ ಬಳಿ ಇಳಿಯುವುದಿಲ್ಲ. ಅದಕ್ಕೆ ಹಕ್ಕಿಯ ಪಟ ತೆಗೆಯುವವರದೊಂದು ಹಳೆಯ ಉಪಾಯವಿದೆ. ಇಬ್ಬರು ಹೋಗಬೇಕು, ಇಬ್ಬರೂ ಮರೆಯೊಳಗೆ ನುಗ್ಗಬೇಕು, ಸ್ವಲ್ಪ ಹೊತ್ತಿಗೆ ಒಬ್ಬರು ಹೊರಬಂದು ಎದ್ದು ಕಾಣುವ ಹಾಗೆ ಹೊರಟುಹೋಗಬೇಕು. ಬಂದವರು ಹೋದರು ಎಂದು ಹಕ್ಕಿ ನಿಶ್ಚಿಂತೆಯಿಂದ ಮೊಟ್ಟೆಯ ಬಳಿ ಇಳಿಯುತ್ತದೆ. ಸಂಜೆ ಆ ಒಬ್ಬರು ಅಷ್ಟೇ ಸದ್ದು ಮಾಡುತ್ತ ಬಂದು ಒಳಗಿದ್ದವರನ್ನು ಕರೆದೊಯ್ಯಬೇಕು. ಅವರು ಬರುವವರೆಗೆ ಒಳಗಿದ್ದವನು ಏನಾದರೂ ಆಗಲಿ, ಹೊರಗೆ ಕಾಲಿಡಕೂಡದು. ಖಾಲಿ ಎಂದು ನಂಬಿದ ಜಾಗದಿಂದ ಮನುಷ್ಯ ಎದ್ದು ಬಂದರೆ ಹಕ್ಕಿ ಮೊಟ್ಟೆ ಬಿಟ್ಟು ಹೋಗಿಬಿಡುತ್ತದೆ.

ಹೊರಟುಹೋಗುವ ಕೆಲಸ ಸೂಗಮ್ಮನದು. ಅದಕ್ಕೆಂದೇ ಹಳದಿ ಸೀರೆ ಉಟ್ಟು, ಹುಟ್ಟಿನಿಂದ ನೀರನ್ನು ಪಟಪಟ ಬಡಿಯುತ್ತ ಹರಗೋಲಿನಲ್ಲಿ ದಂಡೆಗೆ ಮರಳುತ್ತಿದ್ದಳು. ಅವಳಿಗೆ ಅದು ಎಂದೂ ಹಿಡಿಸಲಿಲ್ಲ.

“ಹಕ್ಕಿಗೆ ಲೆಕ್ಕ ಬರಂಗಿಲ್ಲ, ಸೂಗಿ,” ಎನ್ನುತ್ತಿದ್ದ ಮೌನೇಶ. “ಒಬ್ರು ಹೋದ್ರ ಸಾಕು, ಎಲ್ಲಾರೂ ಹೋದ್ರು ಅಂತ ತಿಳೀತೈತಿ.”

“ನನಗ ಬರತೈತಿ. ಬರೂದು ಇಬ್ರು, ಹೋಗೂದು ಒಬ್ಬಾಕಿ. ಸಂಜೀತನಕ ನನ್ನ ಎದಿ ಹಗೂರ ಆಗಂಗಿಲ್ಲ,” ಎನ್ನುತ್ತಿದ್ದಳು ಅವಳು. ಆದರೂ ಹೋಗುತ್ತಿದ್ದಳು.

ಇನ್ನೊಂದು ಮಾತು. ಅವರು ಈ ಉಪಾಯವನ್ನು ಹಕ್ಕಿಗಳಿಂದ ಮಾತ್ರವಲ್ಲ, ಮನುಷ್ಯರಿಂದಲೂ ಮುಚ್ಚಿಟ್ಟಿದ್ದರು. ಹಿಂದೆ ಒಮ್ಮೆ ಮೌನೇಶ ಗಡ್ಡೆಯಲ್ಲಿ ಕೂತಿದ್ದಾನೆಂದು ಸುದ್ದಿಯಾಗಿ, ನೋಡಲು ಬಂದವರ ಕಾಲಡಿಯಲ್ಲಿ ಮೊಟ್ಟೆಗಳು ಒಡೆದಿದ್ದವು. ಉಳಿದವನ್ನು ಯಾರೋ ಕೊಂಡೊಯ್ದು ಕರಿದು ತಿಂದಿದ್ದರು. ಅಂದಿನಿಂದ ಯಾರು ಕೇಳಿದರೂ ಸೂಗಮ್ಮನ ಉತ್ತರ ಒಂದೇ, ಅವರು ಪೇಟೆಗೆ ಹೋಗಿದ್ದಾರೆ. ಸ್ವಂತ ಸೋದರಮಾವ ದ್ಯಾವಪ್ಪನಿಗೂ ಅದೇ ಉತ್ತರ.

ದ್ಯಾವಪ್ಪ ನೀರಲಗಡ್ಡಿಯಲ್ಲಿ ಜನರನ್ನು ಹೊಳೆ ದಾಟಿಸುವ ಕಡವಿನ ಹಿರಿಯ. ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವಾಗ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಕೂಗುತ್ತಾರೆ. ಆಗ ಹೊಳೆಯಲ್ಲಿದ್ದವರನ್ನೆಲ್ಲ ದಂಡೆಗೆ ಕರೆಸಿ, ಹರಗೋಲುಗಳನ್ನು ಮೇಲೆಳೆಸಿ ಹಗ್ಗ ಬಿಗಿಸುವ ಜವಾಬ್ದಾರಿ ಅವನದು. ಹಿಂದಿನ ಮಳೆಗಾಲದಲ್ಲಿ ಹೀಗೇ ನೀರು ಬಿಟ್ಟ ದಿನ ಕೆಳಗಿನ ಊರಿನ ಇಬ್ಬರು ಓಡಿ ಬಂದು, ಗಡ್ಡೆಯಲ್ಲಿ ತಮ್ಮ ಅಪ್ಪ ಉಳಿದಿದ್ದಾನೆಂದು ಎದೆ ಬಡಿದುಕೊಂಡರು. ದ್ಯಾವಪ್ಪ ನಂಬಿ ತನ್ನ ಮಗನನ್ನೇ ಹರಗೋಲು ಕೊಟ್ಟು ಕಳಿಸಿದ. ಗಡ್ಡೆಯಲ್ಲಿ ಅಪ್ಪನೂ ಇರಲಿಲ್ಲ, ಅಜ್ಜನೂ ಇರಲಿಲ್ಲ. ಅವರ ಹೊಸ ಬಲೆಗಳಿದ್ದವು. ಬರುವಾಗ ಹರಗೋಲು ಮಗುಚಿತು. ಅವರಿಬ್ಬರೂ ಈಜಿ ಬದುಕಿದರು, ದ್ಯಾವಪ್ಪನ ಮಗ ಸಿಕ್ಕಿದ್ದು ಮೂರು ಊರು ಕೆಳಗೆ. ಅವನ ಪಟ ತೆಗೆದವನೂ ಮೌನೇಶನೇ.

ಆ ಬೇಸಿಗೆಯ ಕೊನೆಯ ದಿನಗಳು. ಹಿಂದಿನ ದಿನ ಮೌನೇಶ ಒಂದು ರೀಲು ಮುಗಿಸಿ, ಹನಿ ಸಿಕ್ಕಿರಬಹುದು, ಸಿಗದೆಯೂ ಇರಬಹುದು ಎಂದು ಮನೆಯಲ್ಲೇ ಇಟ್ಟು ಬಂದಿದ್ದ. ತೊಳೆದು ನೋಡುವವರೆಗೆ ಆಗ ಏನೂ ತಿಳಿಯುತ್ತಿರಲಿಲ್ಲ. ಮೊಟ್ಟೆಗೆ ಬಿರುಕು ಬಿದ್ದಿತ್ತು, ಇವತ್ತು ಮರಿ ಹೊರಬರುತ್ತದೆ ಎಂದು ಬೆಳಕು ಹರಿಯುವ ಮೊದಲೇ ಇಬ್ಬರೂ ಗಡ್ಡೆಗೆ ಬಂದರು. ಸೂಗಮ್ಮ ಒಳಗೆ ಬಂದು, ನೀರಿನ ಬಾಟಲಿ, ರೊಟ್ಟಿ ಗಂಟು ಇಟ್ಟು, ಸ್ವಲ್ಪ ಹೊತ್ತು ಕೂತು ಹೊರಟಳು. ಹೊರಡುವಾಗ ನನ್ನ ಬುಡಕ್ಕೆ ಕಲ್ಲು ಹೇರಿದಳು, ಗಾಳಿಗೆ ಎದ್ದೀತೆಂದು. ದಂಡೆಯಲ್ಲಿ ದ್ಯಾವಪ್ಪ ಎದುರಾಗಿ ಅಳಿಯ ಎಲ್ಲಿ ಎಂದು ಕೇಳಿದ. ಪೇಟೆಗೆ ಹೋಗಿದ್ದಾರೆ ಎಂದಳು. ಅವಳೂ ಮದುವೆ ಕುಪ್ಪಸವೊಂದನ್ನು ಮುಗಿಸಿ ಕೊಡಲು ಪೇಟೆಯ ಬಸ್ಸು ಹತ್ತಿದಳು.

ಅಂದು ಒಳಗೆ ಮೌನೇಶ ಹಬ್ಬದ ಊಟಕ್ಕೆ ಕೂತ ಮಗುವಿನ ಹಾಗಿದ್ದ. ಬಿಸಿಲೇರಿದ ಹೊತ್ತಿಗೆ ಮರಿ ಹೊರಬಂತು. ಒದ್ದೆ ಹತ್ತಿಯ ಉಂಡೆಯಷ್ಟು. ತಾಯಿ ಹೊಳೆಗೆ ಹಾರಿ, ಹೊಟ್ಟೆ ತೋಯಿಸಿಕೊಂಡು ಬಂದು, ಮರಿಯ ಮೇಲೆ ನಿಂತು ಹನಿಸಿತು. ಅವನ ಮೊಣಕೈ ನನಗೆ ತಾಗಿತ್ತು. ಕ್ಯಾಮೆರಾ ಸದ್ದು ಮಾಡಿದಾಗಲೆಲ್ಲ ಹಕ್ಕಿ ತಲೆಯೆತ್ತಿ ನನ್ನ ಕಡೆ ನೋಡಿ, ಏನೂ ಇಲ್ಲ ಎಂದು ತಲೆ ಇಳಿಸುತ್ತಿತ್ತು. ಅಷ್ಟು ಸುಖವಾಗಿ ನಾನು ಅವನನ್ನು ಎಂದೂ ಕಂಡಿರಲಿಲ್ಲ.

ಮೇಲಿನ ಘಟ್ಟದ ಕಡೆ ಅಡ್ಡಮಳೆ ಸುರಿದಿತ್ತಂತೆ. ನಮಗೇನು ಗೊತ್ತು? ನಮ್ಮ ಮೇಲೆ ಸುಡುವ ಬಿಸಿಲು. ಜೀಪು ಬಂದು ನೀರಲಗಡ್ಡಿಯಲ್ಲಿ ಕೂಗಿ ಹೋದದ್ದು ಗಾಳಿಗೆ ಆಚೆ ಬದಿಗೆ ತೇಲಿ ಹೋಯಿತು, ಗಡ್ಡೆಗೆ ಮುಟ್ಟಲಿಲ್ಲ. ದ್ಯಾವಪ್ಪ ದಂಡೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆಸಿದ. ಬಟ್ಟೆ ಒಗೆಯುವವರು, ಕಲ್ಲಂಗಡಿ ಬಳ್ಳಿಯವರು, ಬಲೆಯವರು, ಎಲ್ಲರೂ ಬಂದರು. ಪಟದವರು ಎಂದು ಯಾರೋ ನೆನಪಿಸಿದರು. ಸೂಗಮ್ಮನ ಹರಗೋಲು ಬೆಳಿಗ್ಗೆಯೇ ಬಂದಿದೆ, ಅಳಿಯ ಪೇಟೆಯಲ್ಲಿದ್ದಾನೆ ಎಂದು ದ್ಯಾವಪ್ಪನೇ ಹೇಳಿದ. ಹಗ್ಗ ಬಿಗಿಸಿಬಿಟ್ಟರು.

ಸೂಗಮ್ಮ ಬಸ್ಸಿಳಿದದ್ದು ಬಿಸಿಲು ಇಳಿಯುವ ಹೊತ್ತಿಗೆ. ಸುದ್ದಿ ಕೇಳಿ ಕಾಲಿಗೆ ಚಪ್ಪಲಿಯಿಲ್ಲದೆ ಕಡವಿಗೆ ಓಡಿದಳು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಆದರೆ ಆಮೇಲೆ ಅವಳು ತನ್ನಷ್ಟಕ್ಕೇ ಎಷ್ಟು ಸಲ ಆಡಿದ್ದಾಳೆಂದರೆ ಒಂದೊಂದು ಮಾತೂ ನನ್ನ ನೂಲಿಗೆ ಹತ್ತಿದೆ. ಹಗ್ಗ ಬಿಚ್ಚು ಮಾವ, ಅವರು ಗಡ್ಡೆಯಲ್ಲಿದ್ದಾರೆ ಎಂದಳು. ದ್ಯಾವಪ್ಪ ಹಗ್ಗದ ಮೇಲೆ ಕಾಲಿಟ್ಟು ನಿಂತ.

“ಮುಂಜಾನಿ ನೀನ ಅಂದೀ, ಪ್ಯಾಟಿಗೆ ಹೋಗ್ಯಾನ ಅಂತ.”

“ಸುಳ್ಳು ಹೇಳಿದ್ದೆ, ಮಾವ.”

“ಹೌದು. ಈಗೂ ಅದನ್ನ ಹೇಳಾಕತ್ತೀ. ಗಡ್ಡ್ಯಾಗ ಏನ್ ಬಿಟ್ಟು ಬಂದೀ? ಕ್ಯಾಮೆರಾ ಪೆಟಗೀನ? ಇಂಥಾದ್ದ ಮಾತು ನಂಬಿ ನನ್ನ ಮಗನ್ನ ಕಳಿಸೀನಿ ನಾನು.”

ಅವಳು ಅವನ ಕಾಲಿಗೆ ಬಿದ್ದಳು. ಉಪಾಯವನ್ನೆಲ್ಲ ಬಿಡಿಸಿ ಹೇಳಿದಳು. ಗೋಣಿಯ ಗುಡಾರ, ಜೇಡಿ ಬಳಿದದ್ದು, ಇಬ್ಬರು ಹೋಗಿ ಒಬ್ಬಳು ಬರುವುದು. ಅವನೇನು ಕಲ್ಲು ಮನಸ್ಸಿನವನಲ್ಲ. ಹಣೆಗೆ ಕೈ ಅಡ್ಡ ಇಟ್ಟು ಗಡ್ಡೆಯನ್ನು ಸರಿಯಾಗಿ ನೋಡಿದ. ನೀರಿನ ಮೇಲೆ ಅರವತ್ತು ವರ್ಷ ನೋಡಿದ ಕಣ್ಣದು. ಅದಕ್ಕೆ ಉಸುಕು ಕಂಡಿತು, ಬಂಡೆಗಳು ಕಂಡವು, ಒಂದು ಜಾಲಿ ಮರ ಕಂಡಿತು. ಉಸುಕಿನ ಮೇಲೆ ಹಕ್ಕಿಗಳು ಕಂಡವು.

“ನೋಡು. ಹೊಳಿಹಕ್ಕಿ ಕುಂತಾವ. ಮನಿಷಾ ಇದ್ದಲ್ಲಿ ಹೊಳಿಹಕ್ಕಿ ಕುಂದರತೈತೇನು? ಅಂಬಿಗರ ಮಗಳು ನೀನು, ನಿನಗ ನಾ ಹೇಳಬೇಕೇನು?”

“ಜಾಲಿ ಪಕ್ಕದ ಕಲ್ಲು ನೋಡು ಮಾವ. ಅದು ಕಲ್ಲಲ್ಲ.”

“ಆ ಕಲ್ಲು ನಾ ಹುಟ್ಟಿದಾಗಿಂದ ನೋಡೀನಿ,” ಎಂದ ದ್ಯಾವಪ್ಪ.

ಅವನು ಸುಳ್ಳಾಡಲಿಲ್ಲ, ಹಾಗೆಂದು ನಂಬಿಯೇ ಹೇಳಿದ. ಅಷ್ಟು ಚೆನ್ನಾಗಿ ಬಳಿದಿದ್ದರು ನನ್ನನ್ನು. ಹಕ್ಕಿಯ ಕಣ್ಣಿಗೆ ಮಣ್ಣೆರಚಲು ಮಾಡಿದ ಕೆಲಸ ಹೊಳೆಯ ಹಿರಿಯನ ಕಣ್ಣಿಗೂ ಸಾಕಾಯಿತು. ಸೂಗಮ್ಮ ಹಗ್ಗಕ್ಕೆ ಕೈ ಹಾಕಿದಾಗ ಹೆಂಗಸರು ಅವಳನ್ನು ತಬ್ಬಿ ಹಿಡಿದುಕೊಂಡರು. ಅವರ ಪಾಲಿಗೆ ಅವರು ಒಂದು ಜೀವ ಉಳಿಸುತ್ತಿದ್ದರು.

ಇತ್ತ ಒಳಗೆ ಮೌನೇಶ ಸೀಳಿನಿಂದ ನೋಡುತ್ತಿದ್ದ. ಮುಂದೆ ಹೊಳೆಯ ನೀರು ಕೆಂಪಾಯಿತು. ಕಡ್ಡಿ, ಒಣಸೊಪ್ಪು, ನೊರೆ ತೇಲಿ ಬಂದವು. ಅವನು ಅಂಬಿಗರ ಮಗ, ನೀರಿನ ಬಣ್ಣ ಓದಲು ಬರುತ್ತಿತ್ತು. ಬೆನ್ನು ನೆಟ್ಟಗಾಯಿತು, ಕೈ ಕೋಲಿನ ಮೇಲೆ ಹೋಯಿತು. ಆದರೆ ಹಕ್ಕಿ ಮರಿಯನ್ನು ಹೊಟ್ಟೆಯಡಿ ಹಾಕಿಕೊಂಡು ಕೂತಿತ್ತು. ಈಗ ಎದ್ದರೆ ಅದು ಬಿಟ್ಟು ಹೋಗುತ್ತದೆ, ಬಿಸಿಲಿಗೆ ಮರಿ ಸಾಯುತ್ತದೆ. ಅವನು ತನ್ನಷ್ಟಕ್ಕೆ ಮೆಲ್ಲಗೆ, “ಸೂಗಿ ಬರತಾಳ,” ಎಂದ. ಅವಳು ಎಂದೂ ತಡಮಾಡಿದವಳಲ್ಲ. ಅವಳು ಬಾರದಿದ್ದರೆ ಹೆದರುವಂಥದ್ದೇನೂ ಆಗಿಲ್ಲ ಎಂದೇ ಅರ್ಥ. ಅವಳನ್ನು ಅಷ್ಟು ನಂಬಿ ಅವನು ಮತ್ತೆ ಕೂತ.

ನೀರು ಮೊದಲು ತಾಗಿದ್ದು ನನ್ನ ಬೆನ್ನಿಗೆ. ಗಡ್ಡೆಯ ಹಿಂದಿನ ಕಡೆ ತಗ್ಗು, ಅಲ್ಲಿಂದಲೇ ಹೊಳೆ ಸದ್ದಿಲ್ಲದೆ ಹತ್ತಿ ಬಂತು. ಕಲ್ಲು ಹೇರಿದ ಅಂಚು ತೊಯ್ಯಿತು, ಎರಡು ಪದರಗಳ ನಡುವೆ ತಂಪು ಏರಿತು. ಅವನಿಗೆ ಹೇಳಬೇಕೆಂದು ನನ್ನ ಪ್ರತಿ ಎಳೆಯೂ ಒದ್ದಾಡಿತು. ಬಾಯಿಯನ್ನು ಯಾವತ್ತೋ ಬಿಚ್ಚಿ ಗೋಡೆ ಮಾಡಿದ್ದರು. ಅವನ ಮಡಿಸಿದ ಕಾಲಿಗೆ ತಣ್ಣಗೆ ತಾಗುವವರೆಗೆ ಅವನು ಮುಂದೆಯೇ ನೋಡುತ್ತಿದ್ದ.

ಬೆನ್ನಿನ ಗೋಣಿ ಎತ್ತಿದಾಗ ಹಿಂದೆ ಗಡ್ಡೆ ಇರಲಿಲ್ಲ, ಹೊಳೆ ಇತ್ತು. ಅವನು ಎದ್ದು ನಿಂತ. ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಕಿರುಚಿದವು.

ದಂಡೆಯಲ್ಲಿ ದ್ಯಾವಪ್ಪ ಅದನ್ನು ನೋಡಿದ. “ಎದ್ದಾವ,” ಎಂದನಂತೆ. ಬಿಗಿದ ಹಗ್ಗವನ್ನು ತಾನೇ ಕುಡುಗೋಲಿನಿಂದ ಕತ್ತರಿಸಿ, ಹರಗೋಲನ್ನು ನೀರಿಗೆ ತಳ್ಳಿ, ಸೂಗಮ್ಮನನ್ನು ಕೂರಿಸಿಕೊಂಡು ಇಳಿದ. ಅವರಿಬ್ಬರಷ್ಟು ಹುಟ್ಟು ಬಲ್ಲವರು ಆ ದಂಡೆಯಲ್ಲಿ ಬೇರೆ ಇರಲಿಲ್ಲ. ಆದರೂ ಹೊಳೆ ಹರಗೋಲನ್ನು ಗಿರಗಿರ ತಿರುಗಿಸಿ, ಕೆಳಗೆ ಒಯ್ದು, ದಂಡೆಗೆ ಎಸೆಯಿತು. ಮತ್ತೆ ಹೊತ್ತು ತಂದು ಇಳಿಸಿದರು. ಮತ್ತೆ ಎಸೆಯಿತು.

ಮೌನೇಶ ನನ್ನನ್ನು ಕೋಲುಗಳಿಂದ ಕಿತ್ತು, ಜಾಲಿ ಮರವೇರಿ, ನನ್ನನ್ನು ಬಾವುಟದ ಹಾಗೆ ಬೀಸುತ್ತಿದ್ದ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಮರಿಯಿದ್ದ ಉಸುಕು ಮುಳುಗಿತು. ತಾಯಿ ಹಕ್ಕಿ ನೀರಿನ ಮೇಲೆ ಅದೇ ಜಾಗದಲ್ಲಿ ಸುತ್ತುತ್ತಿತ್ತು. ದಂಡೆಯಲ್ಲಿ ಹಳದಿ ಸೀರೆ ಮೂರನೆಯ ಸಲ ಹರಗೋಲಿಗೆ ಹತ್ತುತ್ತಿತ್ತು. ಈ ಸಲ ದ್ಯಾವಪ್ಪ ಬಿದ್ದಲ್ಲೇ ಬಿದ್ದಿದ್ದ, ಅವಳೊಬ್ಬಳೇ. ಮೌನೇಶ ಅದನ್ನು ನೋಡಿದ. ಅವನ ಕೈ ನಿಂತಿತು.

ಅವನು ನನ್ನನ್ನು ಬೀಸುವುದು ಬಿಟ್ಟು, ಕವಲಿನಲ್ಲಿ ಕುಕ್ಕರಿಸಿ, ನನ್ನನ್ನು ತಲೆಯ ಮೇಲಿಂದ ಮೈತುಂಬ ಎಳೆದುಕೊಂಡ. ಅಂಚುಗಳನ್ನು ಕಾಂಡಕ್ಕೆ ಸುತ್ತಿ ಗಂಟು ಹಾಕಿದ. ದಂಡೆಯಿಂದ ನೋಡಿದವರಿಗೆ ಒಂದು ಬಾವುಟವಿತ್ತು, ಈಗ ಇಲ್ಲ. ಮಣ್ಣಿನ ಬಣ್ಣದ ನೀರು, ಮಣ್ಣಿನ ಬಣ್ಣದ ಮರ. ಹೋದ, ಕೊಚ್ಚಿ ಹೋದ ಎಂದು ಜನ ಕೂಗಿದರು. ಕೇಳಿದ ಸೂಗಮ್ಮ ಹುಟ್ಟು ಕೈಬಿಟ್ಟು ಕುಸಿದಳು. ಅವಳನ್ನು ಹರಗೋಲಿನಿಂದ ಎತ್ತಿ ಒಯ್ದರು. ಅವನಿಗೆ ಅಷ್ಟೇ ಬೇಕಿತ್ತು. ಸೀಳಿನಿಂದ ಅವಳು ದಂಡೆಯ ಮೇಲೆ ಹೋದದ್ದನ್ನು ಕಣ್ತುಂಬ ನೋಡಿ ಉಸಿರು ಬಿಟ್ಟ. ನನ್ನ ಎದೆಯ ಆ ಕಣ್ಣಿಗೆ ಅವನ ಕಣ್ಣು ಒತ್ತಿಕೊಂಡೇ ಇತ್ತು. ನೀರು ಅಲ್ಲಿಗೆ ಬಂದಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು.

ಏರಿದಷ್ಟೇ ಬೇಗ ಹೊಳೆ ಇಳಿಯಿತು. ಮರುದಿನ ಬೆಳಿಗ್ಗೆ ಜಾಲಿಯ ಕವಲಿನಲ್ಲಿ ನನ್ನ ಗಂಟು ಹಾಗೇ ಇತ್ತು. ಕ್ಯಾಮೆರಾ ಹೋಗಿತ್ತು, ಅದರೊಳಗಿನ ಮರಿಯ ಪಟವೂ ಹೋಗಿತ್ತು. ಅವನನ್ನು ಮಾತ್ರ ನಾನು ಬಿಟ್ಟಿರಲಿಲ್ಲ. ಪಂಚನಾಮೆಗೆ ಪಟ ಬೇಕೆಂದರು. ಊರಿನಲ್ಲಿ ಪಟ ತೆಗೆಯುವವನು ಅವನೊಬ್ಬನೇ ಆಗಿದ್ದರಿಂದ ಬೇರೆ ಊರಿನಿಂದ ಒಬ್ಬನನ್ನು ಕರೆಸಿದರು. ಮುಖದ ಮೇಲಿನ ಗೋಣಿ ತೆಗೆಯಬೇಕು ಎಂದು ಅವನು ತಲೆ ತಗ್ಗಿಸಿ ಹೇಳಿದ. ಸೂಗಮ್ಮ ತೆಗೆದಳು. ನನ್ನ ಗಂಟು ನೋಡಿ, ಅದು ಕೊಚ್ಚಿಹೋದವನ ಗಂಟಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು. ಬಾವುಟ ಕಾಣೆಯಾದ ಮೇಲೂ ಅವನಿದ್ದ. ಅವಳು ಎದ್ದು ಹೋಗುವುದನ್ನು ನೋಡುತ್ತ ಇದ್ದ. ಅವಳ ಬಾಯಿಂದ ಬಂದ ಸದ್ದನ್ನು ನಾನು ಮರೆಯಬೇಕೆಂದು ಎಷ್ಟು ಬಿಸಿಲಿಗೆ ಒಣಗಿದರೂ ಆಗಿಲ್ಲ.

ಮನೆಯಲ್ಲಿಟ್ಟಿದ್ದ ಹಿಂದಿನ ದಿನದ ರೀಲನ್ನು ಆ ಫೋಟೋದವನೇ ತೊಳೆದು ತಂದು ಕೊಟ್ಟ. ಅದರಲ್ಲಿ ಹನಿ ಇತ್ತು. ಹೊಟ್ಟೆಗೂ ಮೊಟ್ಟೆಗೂ ನಡುವೆ, ಬಿಸಿಲು ತುಂಬಿಕೊಂಡು, ಬೀಳದೆ ನಿಂತಿತ್ತು. ನೋಡಿದವರೆಲ್ಲ ಹಕ್ಕಿ ಎಷ್ಟು ನಿಶ್ಚಿಂತೆಯಿಂದ ನಿಂತಿದೆ ಎಂದು ಕೊಂಡಾಡಿದರು. ಸೂಗಮ್ಮನಿಗೆ ನೋಡಲಾಗದ್ದು ಆ ನಿಶ್ಚಿಂತೆಯನ್ನೇ. ಪಟವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.

ನನ್ನನ್ನು ಸುಟ್ಟುಬಿಡು ಎಂದರು ಎಲ್ಲರೂ. ಅವಳು ಸುಡಲಿಲ್ಲ. ತಿಕ್ಕಿ ತಿಕ್ಕಿ ಒಗೆದಳು, ಬಂಡೆಯ ಬಣ್ಣ ಹೋಗಲಿಲ್ಲ. ಹೊಲಿಗೆ ಯಂತ್ರ ಮಾರಿ, ಕೋಣೆ ಬಿಟ್ಟು, ನೀರಲಗಡ್ಡಿಗೆ ಬಂದು ಕಡವಿನಲ್ಲಿ ಹರಗೋಲು ಹಾಕಿದಳು. ದ್ಯಾವಪ್ಪ ಆ ದಿನದ ನಂತರ ಹೊಳೆಯ ಕಡೆ ಮುಖ ಹಾಕಲಿಲ್ಲ. ತನ್ನ ಹರಗೋಲನ್ನು ಅವಳ ಅಂಗಳದಲ್ಲಿ ಇಟ್ಟು ಹೋದ. ಅದರ ತಳ ಹರಿದಿತ್ತು. ಸೂಗಮ್ಮ ನನ್ನ ಸೀಳನ್ನು ದಪ್ಪ ದಾರದಿಂದ ಹೊಲಿದು ಮುಚ್ಚಿ, ಬಿದಿರಿನ ಬುಟ್ಟಿಯ ತಳಕ್ಕೆ ನನ್ನನ್ನು ಬಿಗಿದು, ಮೇಲೆ ಡಾಂಬರು ಹುಯ್ದಳು. ಬಂಡೆಯಾಗಿದ್ದವನು ದೋಣಿಯಾದೆ. ಕೊಟ್ಟ ಕಣ್ಣನ್ನು ಅವಳೇ ಮುಚ್ಚಿದಳು. ನಾನು ಬೇಸರಪಡಲಿಲ್ಲ.

ಎಷ್ಟೋ ವರ್ಷ ಜನರನ್ನು ದಾಟಿಸಿದೆವು. ಕೊನೆಯ ಸವಾರಿ ಮುಗಿದ ಮೇಲೆ ಅವಳು ಪ್ರತಿ ಗಡ್ಡೆಯ ಸುತ್ತ ಒಂದು ಸುತ್ತು ಹಾಕಿ, ಯಾರಿದ್ದೀರಿ ಎಂದು ಕೂಗದೆ ದಂಡೆಗೆ ಬರುತ್ತಿರಲಿಲ್ಲ. ಆಮೇಲೆ ಊರುಗಳಿಂದ ಹೊಸ ಫೋಟೋದವರು ಬರತೊಡಗಿದರು, ಫಿರಂಗಿಯಂಥ ಲೆನ್ಸು, ಎಲೆಯ ಚಿತ್ರದ ಗುಡಾರ ಹೊತ್ತುಕೊಂಡು. ಗಡ್ಡೆಗೆ ಬಿಟ್ಟು ಬಾ, ಸಂಜೆಗೆ ಬಾ ಎನ್ನುತ್ತಿದ್ದರು. ಅವಳದು ಒಂದೇ ಕರಾರು, ಗುಡಾರದ ಮೇಲೆ ಕೋಲು ನೆಟ್ಟು ಅವಳ ಹಳದಿ ಸೀರೆಯ ತುಂಡು ಕಟ್ಟಬೇಕು. ಹಾಗಾದರೆ ಹಕ್ಕಿ ಬರುವುದಿಲ್ಲ ಎಂದು ಅವರು ಸಿಡುಕುತ್ತಿದ್ದರು.

“ಬರಲಿಲ್ಲಂದ್ರ ಬಿಡಲಿ,” ಎನ್ನುತ್ತಿದ್ದಳು.

ಆದರೆ ಹಕ್ಕಿ ಬಂತು. ಒಂದೆರಡು ದಿನ ಆ ಹಳದಿ ಬಟ್ಟೆಯ ಸುತ್ತ ಹಾರಿ, ಅನುಮಾನಿಸಿ, ಆಮೇಲೆ ಅದಕ್ಕೂ ಹೊಂದಿಕೊಂಡು ಮೊಟ್ಟೆಯ ಮೇಲೆ ಕೂತಿತು. ಬಾವುಟದಡಿ ಕೂತು ಫೋಟೋದವನು ಪಟ ತೆಗೆದ. ಬಂಡೆಯ ಬಣ್ಣ ಬೇಕಿರಲಿಲ್ಲ, ಸುಳ್ಳು ಬೇಕಿರಲಿಲ್ಲ, ತುಸು ತಾಳ್ಮೆ ಸಾಕಿತ್ತು. ಅದನ್ನು ನೋಡಿದ ದಿನ ಸೂಗಮ್ಮ ಹರಗೋಲನ್ನು ಹೊಳೆಯ ನಡುವೆ ನಿಲ್ಲಿಸಿ, ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು, ಹೊತ್ತು ಮುಳುಗುವವರೆಗೆ ಅತ್ತಳು. ಅವಳ ಅಳು ಬಿದಿರಿನ ಮೂಲಕ ನನ್ನವರೆಗೆ ಇಳಿಯುತ್ತಿತ್ತು, ಕೆಳಗೆ ಹೊಳೆ ಹರಿಯುತ್ತಿತ್ತು.

ಈಗ ಸೇತುವೆ ಆಗಿದೆ. ಹರಗೋಲಿಗೆ ಯಾರೂ ಬರುವುದಿಲ್ಲ. ಬಿದಿರು ಹುಳು ತಿಂದಿದೆ, ಡಾಂಬರು ಬಿರಿದು ನನ್ನ ಹಳೆಯ ಬಣ್ಣ ಅಲ್ಲಲ್ಲಿ ಮೇಲೆ ಬಂದಿದೆ. ದಂಡೆಯ ಒಂದು ಮೂಲೆಯಲ್ಲಿ ನಮ್ಮನ್ನು ಬೋರಲು ಹಾಕಿ ಬಿಟ್ಟಿದ್ದಾರೆ. ದೂರದಿಂದ ನೋಡಿದರೆ ಗುಂಡನೆಯ ಬಂಡೆ. ಸೂಗಮ್ಮನಿಗೆ ತಲೆ ಬೆಳ್ಳಗಾಗಿದೆ, ಮಂಡಿ ಬಗ್ಗುವುದಿಲ್ಲ. ಹೊತ್ತು ಇಳಿದ ಮೇಲೆ ಕೋಲೂರಿಕೊಂಡು ಬಂದು ಎದುರಿನ ಕಟ್ಟೆಯ ಮೇಲೆ ಕೂರುತ್ತಾಳೆ. ಬದುಕಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಒಂದನ್ನೇ ಚೆನ್ನಾಗಿ ಮಾಡಿದೆ, ಅದೊಂದನ್ನೇ ಮಾಡಬಾರದಿತ್ತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಗೋಣಿಗೆ ಕೆಲಸ ಆರಿಸಿಕೊಳ್ಳುವ ಹಕ್ಕು ಯಾರು ಕೊಟ್ಟಿದ್ದಾರೆ?

ಹೊಳಿಹಕ್ಕಿಗಳು ಮೀನು ಹಿಡಿದು ದಣಿದು ನನ್ನ ಬೆನ್ನ ಮೇಲೆ ಬಂದು ಕೂರುತ್ತವೆ. ರೆಕ್ಕೆ ಕೊಡವಿ, ಕತ್ತು ಒಳಗೆ ಎಳೆದುಕೊಂಡು, ಕಣ್ಣು ಮುಚ್ಚುತ್ತವೆ. ಒಳಗೆ ಯಾರೂ ಇಲ್ಲ ಎಂದು ಅವಕ್ಕೆ ನಂಬಿಕೆ. ಈ ಸಲ ಅವುಗಳ ನಂಬಿಕೆ ನಿಜ. ಆದರೆ ಅವು ಹಾಗೆ ನಿಶ್ಚಿಂತೆಯಿಂದ ಕೂತದ್ದನ್ನು ಕಂಡಾಗಲೆಲ್ಲ ಸೂಗಮ್ಮ ಕಟ್ಟೆಯಿಂದ ಏಳುತ್ತಾಳೆ. ಕೋಲೂರಿ ಮೆಲ್ಲಗೆ ನಡೆದು ಬರುತ್ತಾಳೆ, ಹಕ್ಕಿಗಳು ಹಾರುತ್ತವೆ. ಅವಳು ಬಗ್ಗಿ, ಎರಡೂ ಕೈಯಿಂದ ನನ್ನ ಅಂಚನ್ನು ಎತ್ತಿ, ಒಳಗೆ ನೋಡುತ್ತಾಳೆ.